ದೊರೆಸಾನಿಗೆ ಅಮ್ಮ ಕೊಟ್ಟ ಹೂ

ದೊರೆಸಾನಿ ನಮ್ಮ ಮನೆಗೆ ಬಂದ ದಿನ ಮೊದಲು ಓಡಿಹೋದದ್ದು ನಮ್ಮ ಎಮ್ಮೆ. ಅದು ಸೈಕಲ್ ನೋಡಿತ್ತು, ಬಿಳಿ ಹೆಂಗಸರನ್ನೂ ದೂರದಿಂದ ನೋಡಿದ್ದಿರಬಹುದು. ಎರಡನ್ನೂ ಒಟ್ಟಿಗೆ ನೋಡಿರಲಿಲ್ಲ. ಹಗ್ಗ ಕಿತ್ತುಕೊಂಡು ಮಾಗಡಿ ರಸ್ತೆಯ ಕಡೆಗೆ ಓಟ ಹೊಡೆಯಿತು. ಅದರ ಹಿಂದೆ ನಾನು, ನನ್ನ ಹಿಂದೆ ಅಕ್ಕ, ಅಕ್ಕನ ಹಿಂದೆ ಸೈಕಲ್ಲನ್ನು ಬೇಲಿಗೆ ಎಸೆದು ದೊರೆಸಾನಿ. ಹಿಡಿದು ತಂದಾಗ ಮೂವರಿಗೂ ಮೊಣಕಾಲವರೆಗೆ ಕೆಸರು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದಳು, "ಯಾರಮ್ಮೀ ಇವಳು? ಎಮ್ಮೆ ಹಿಡಿಯಾಕೆ ಸರ್ಕಾರದೋರು ಕಳ್ಸವ್ರಾ?"

ಆಗ ರಾಜಾಜಿನಗರ ಇನ್ನೂ ನಗರವಾಗಿರಲಿಲ್ಲ. ನಮ್ಮೂರಿನ ಹೊಲಗಳಲ್ಲಿ ಅಳತೆಯವರು ಗಡಿಕಲ್ಲು ನೆಟ್ಟಿದ್ದರು. ಅಗಲವಾದ ಮಣ್ಣಿನ ರಸ್ತೆಗಳನ್ನು ಎಳೆದಿದ್ದರು, ಅವುಗಳ ಪಕ್ಕ ಒಂದು ಮನೆಯೂ ಇರಲಿಲ್ಲ. ನಮ್ಮ ರಾಗಿ ಹೊಲದ ಅರ್ಧ ಹೋಗಿತ್ತು, ಅರ್ಧ ಉಳಿದಿತ್ತು. ಪಟ್ಟಣ ಬಾಗಿಲಿಗೇ ಬಂದಾಗ ಹಳ್ಳಿಯವರು ಹೇಗೆ ಬದುಕುತ್ತಾರೆ ಎಂದು ನೋಡಿ ಬರೆಯುವುದಕ್ಕೆ ಈಕೆ ಸಮುದ್ರದಾಚೆಯಿಂದ ಬಂದಿದ್ದಳು. ಇರುವುದಕ್ಕೆ ಹಳ್ಳಿಯ ಮನೆಯೇ ಬೇಕಂತೆ. ನಮ್ಮ ಮುಂದಿನ ಕೋಣೆಯಲ್ಲಿ ರಾಗಿ ಮೂಟೆಗಳಿದ್ದವು. ಅವುಗಳ ಜೊತೆಗೇ ಇರುತ್ತೇನೆ ಎಂದಳು.

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಅಮ್ಮನ್ನ ಕೇಳಾನ" ಎಂದರು.

ಅಮ್ಮ ಎಂದರೆ ನಮ್ಮನ್ನು ಹೆತ್ತವಳಲ್ಲ. ಹೆತ್ತ ಅವ್ವ ನಾನು ಮೂರನೇ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಕ್ಕನ ಓದೂ ನನ್ನ ಓದೂ ಅಲ್ಲಿಗೇ ನಿಂತವು. ಆಮೇಲೆ ನನ್ನ ತಲೆ ಬಾಚಿದ್ದು, ಜಡೆ ಹಾಕಿದ್ದು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದ್ದು ಎಲ್ಲಾ ಅಕ್ಕ. ಅಮ್ಮ ಎಂದರೆ ದೇವರ ಗೂಡಿನಲ್ಲಿದ್ದ ಗೇಣುದ್ದದ ಕರಿಕಲ್ಲಿನ ದೇವಿ. ದೊಡ್ಡ ವಿಷಯ ಯಾವುದೇ ಬರಲಿ, ಎರಡು ಸೇವಂತಿಗೆ ಹೂ ನೀರಲ್ಲಿ ಅದ್ದಿ ಅವಳ ಎರಡು ಭುಜಕ್ಕೂ ಅಂಟಿಸಿ ಕೈಮುಗಿದು ಕೂರುತ್ತಿದ್ದೆವು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ. ಎಮ್ಮೆ ಕೊಂಡದ್ದೂ ಹಾಗೆ, ಬಾವಿ ತೋಡಿಸಿದ್ದೂ ಹಾಗೆ. ಅಜ್ಜಿಯ ಕಣ್ಣು ಮಂದವಾದ ಮೇಲೆ ಹೂ ಅಂಟಿಸುವ ಕೆಲಸ ನನ್ನದಾಗಿತ್ತು.

ನನಗೆ ದೊರೆಸಾನಿ ಬೇಕಾಗಿದ್ದಳು. ಅವಳ ಸೈಕಲ್ ಬೇಕಾಗಿತ್ತು, ಬೆಲ್ಟಿನ ಗಡಿಯಾರ, ಕೆಂಪು ಮೂಗು, ಎಲ್ಲವೂ. ಹೂ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಒಂದು ಚೂರು ಬೆಲ್ಲವನ್ನು ನೀರಲ್ಲಿ ಕರಗಿಸಿ ಗಟ್ಟಿ ಪಾಕದಂತೆ ಮಾಡಿಕೊಂಡೆ. ಎಡಗಡೆಯ ಹೂವಿನ ಬೆನ್ನಿಗೆ ಅದನ್ನು ಹಚ್ಚಿದೆ. ಬಲಗಡೆಯದಕ್ಕೆ ಬರೀ ನೀರು. ಅಪ್ಪ ಕೇಳಿ ಮುಗಿಸುವುದರೊಳಗೆ ಬಲಗಡೆಯ ಹೂ ಪಟ್ ಎಂದು ಬಿತ್ತು. ಎಡಗಡೆಯದು ಮಾರನೇ ದಿನದವರೆಗೂ ಅಲ್ಲಾಡಲಿಲ್ಲ.

"ನೋಡ್ದಾ, ಎಷ್ಟು ಬೇಗ ಕೊಟ್ಟಳು!" ಎಂದು ಅಜ್ಜಿ ದೊರೆಸಾನಿಯ ಕೆನ್ನೆ ಸವರಿ ನೆಟಿಕೆ ಮುರಿದಳು. ಸಂಜೆಗೆ ಅಮ್ಮನ ಎಡಗೈಯ ಮೇಲೆ ಕರಿಯಿರುವೆಗಳ ಸಾಲು. "ಕರಿಯಿರುವೆ ಬಂದವೆ, ಮನೆಗೆ ಒಳ್ಳೇದಾಯ್ತದೆ" ಎಂದು ಅಜ್ಜಿ ಅದಕ್ಕೂ ಕೈಮುಗಿದಳು. ದೊರೆಸಾನಿ ಬಗ್ಗಿ ಆ ಇರುವೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳೂ ಕೈಮುಗಿದಳು.

ಅದರ ಮುಂದಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ನಗುತ್ತೇನೆ. ಅವಳು ಕನ್ನಡ ಕಲಿತದ್ದು ತನ್ನ ದೇಶದಲ್ಲಿ, ಪುಸ್ತಕದಿಂದ. ಮೊದಲ ದಿನವೇ ಅಜ್ಜಿಯ ಮುಂದೆ ನಿಂತು, "ನಾನು ಸ್ನಾನವನ್ನು ಮಾಡಲು ಇಚ್ಛಿಸುತ್ತೇನೆ" ಎಂದಳು. ಅಜ್ಜಿಗೆ ಇದು ಹರಿಕಥೆಯಂತೆ ಕೇಳಿಸಿತು. "ಇನ್ನೊಂದ್ಸಲ ಹೇಳವ್ವಾ" ಎಂದು ಬೀದಿಯ ಹೆಂಗಸರನ್ನೆಲ್ಲ ಕೂಗಿದಳು. ದೊರೆಸಾನಿ ಟವಲ್ ಹಿಡಿದುಕೊಂಡೇ ಎಲ್ಲರಿಗೂ ಮತ್ತೆ ಮತ್ತೆ ಹೇಳಿದಳು. ಹಂಡೆಯ ನೀರು ತಣ್ಣಗಾಯಿತು.

ಮುದ್ದೆಯನ್ನು ಅಗಿದಳು. ಅಗಿದಷ್ಟೂ ಅದು ಬಾಯೊಳಗೆ ಎಲ್ಲೆಲ್ಲೋ ಅಂಟಿಕೊಂಡಿತು, ಮಾತು ನಿಂತಿತು, ಕಣ್ಣಲ್ಲಿ ನೀರು ಬಂತು. "ಅಗೀಬ್ಯಾಡ ತಾಯಿ, ನುಂಗು! ಕೋಳಿ ನೋಡಿಲ್ವಾ?" ಎಂದು ಅಪ್ಪ ಕತ್ತು ಮೇಲೆತ್ತಿ ತೋರಿಸಿದರು. ಅಷ್ಟು ಗಂಭೀರದ ಅಪ್ಪ! ಅಕ್ಕ ನಗು ತಡೆಯಲಾರದೆ ಬೆಂಕಿ ಊದುವ ನೆಪದಲ್ಲಿ ಒಲೆಯ ಹತ್ತಿರ ಹೋಗಿ, ನಕ್ಕು, ಬೂದಿಯನ್ನೆಲ್ಲ ಮುಖಕ್ಕೆ ಎರಚಿಕೊಂಡಳು. ಸೀರೆ ಉಟ್ಟ ಮೊದಲ ವಾರ ದೊರೆಸಾನಿ ಒಂದು ಕೈಯಲ್ಲಿ ನೆರಿಗೆ ಹಿಡಿದೇ ನಡೆದಳು. ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ ಉತ್ತರ ಹೇಳುವುದಕ್ಕಿಂತ ಹೆಚ್ಚಾಗಿ ಪ್ರಶ್ನೆಗಳನ್ನೇ ಕೇಳಿದರು. ಮದುವೆ ಯಾಕಾಗಿಲ್ಲ? ನಿಮ್ಮೂರಲ್ಲಿ ಅವರೆಕಾಯಿ ಸಿಗಲ್ವಾ? ಮತ್ತೆ ಏನ್ ತಿಂತೀರಿ? ಅವಳು ನಮ್ಮನ್ನು ನೋಡಲು ಬಂದಿದ್ದಳೋ, ನಾವು ಅವಳನ್ನು ನೋಡಲು ಕೂತಿದ್ದೆವೋ ಹೇಳುವುದು ಕಷ್ಟ.

ಸೈಕಲ್ ಕಲಿತದ್ದು ಅಕ್ಕ. ಮುಂಜಾನೆ ಮಂಜಿನಲ್ಲಿ ಆ ಖಾಲಿ ರಸ್ತೆಗಳಿಗೆ ಮೂವರೂ ಹೋಗುತ್ತಿದ್ದೆವು. ದೊರೆಸಾನಿ ಸೀಟು ಹಿಡಿದು ಓಡುತ್ತಿದ್ದಳು, ನಾನು ದೊರೆಸಾನಿಯ ಸೆರಗು ಹಿಡಿದು ಓಡುತ್ತಿದ್ದೆ. ಅಕ್ಕ ಗಡಿಕಲ್ಲಿಗೆ ಗುದ್ದಿ ಬೀಳುತ್ತಿದ್ದಳು. ಎದ್ದು, "ಇದು ಯಾರ ಸೈಟೋ, ನನ್ನ ಹೆಸರಿಗೆ ಬರ್ಕೊಡಿ, ದಿನಾ ಇಲ್ಲೇ ಬೀಳ್ತೀನಿ" ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ದೊರೆಸಾನಿ ಕೈ ಬಿಟ್ಟದ್ದು ಗೊತ್ತಾಗದೆ ಅಕ್ಕ ಹಾಗೇ ಹೋದಳು. ಮಂಜಿನೊಳಗೆ ಅವಳ ಜಡೆ ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ. ಅವಳು ಕೂಗುವುದು ಕೇಳಿಸುತ್ತಿತ್ತು, "ನಿಲ್ಸೋದು ಹೆಂಗೇ? ದೊರೆಸಾನೀ, ನಿಲ್ಸೋದು ಹೇಳ್ಕೊಡ್ಲಿಲ್ವಲ್ಲೇ!"

ನಾವಿಬ್ಬರೂ ರಸ್ತೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ವರ್ಷ ತಿರುಗುವ ಹೊತ್ತಿಗೆ ದೊರೆಸಾನಿ ಮುಂದಿನ ಊರಿಗೆ ಹೋಗಬೇಕಾಯಿತು, ದೂರದ ಇನ್ನೊಂದು ಸೀಮೆಗೆ. ಅಪ್ಪನ ಮುಂದೆ ಚಾಪೆಯ ಮೇಲೆ ಕೂತು ಅಕ್ಕನನ್ನು ಕಳಿಸಿಕೊಡಿ ಎಂದು ಕೇಳಿದಳು. ಜೊತೆಯಲ್ಲಿ ಕೆಲಸ ಮಾಡಲಿ, ಸಂಬಳ ಕೊಡುತ್ತೇನೆ, ನಿಂತುಹೋದ ಓದನ್ನು ಮುಂದುವರಿಸಿ ಪರೀಕ್ಷೆ ಕಟ್ಟಿಸುತ್ತೇನೆ ಎಂದಳು. ಅಕ್ಕ ಕಂಬದ ಹಿಂದೆ ನಿಂತಿದ್ದಳು. ಕಂಬವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಗಳು ಮೊಣಕೈಗೆ ಏರಿದ್ದವು. ಸೋದರಮಾವನಿಗೆ ಅವಳನ್ನು ಕೊಡುವ ಮಾತು ಆಗಲೇ ನಡೆದಿತ್ತು. ಈ ದಾರಿ ತಪ್ಪಿದರೆ ಅವಳಿಗೆ ಇನ್ನೊಂದು ದಾರಿ ಇರಲಿಲ್ಲ.

ಅಪ್ಪ ದೇವರ ಗೂಡಿನ ಕಡೆ ನೋಡಿ, "ಅಮ್ಮ ಕೊಟ್ರೆ ಹೋಗ್ಲಿ" ಎಂದರು.

ಅಕ್ಕ ಅಡುಗೆಮನೆಗೆ ಬಂದು ನನ್ನ ಎರಡು ಕೆನ್ನೆಯನ್ನೂ ಹಿಡಿದಳು. "ಚೆನ್ನಾಗಿ ಇಡೇ ಹೂವ. ನಿನ್ನ ಕೈಗುಣ ಒಳ್ಳೇದು."

ಒಲೆಯ ಮುಂದೆ ನಿಂತು ನಾನು ನೋಡಿದ್ದು ಇಷ್ಟೇ: ಇನ್ನು ಮೇಲೆ ಈ ಮನೆಯಲ್ಲಿ ನಾನು, ಅಪ್ಪ, ಅಜ್ಜಿ, ಎಮ್ಮೆ. ಜಡೆ ಹಾಕುವವರಿಲ್ಲ, ಮುಂಜಾನೆಯ ರಸ್ತೆ ಇಲ್ಲ, ನಗುವಿಲ್ಲ. ಇಬ್ಬರೂ ಒಟ್ಟಿಗೇ ಹೋಗುತ್ತಾರೆ, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಬೆಲ್ಲದ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಈ ಸಲ ಬಲಗಡೆಯ ಹೂವಿಗೆ ಹಚ್ಚಿದೆ.

ಎಡಗಡೆಯ ಹೂ ಬಿತ್ತು. ಅಕ್ಕ ಅಳಲಿಲ್ಲ. ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮುಡಿದು, ಎಮ್ಮೆಗೆ ಹುಲ್ಲು ಹಾಕಲು ಹೋದಳು.

ಸಂಜೆ ಅಮ್ಮನ ಬಲಗೈಯ ಮೇಲೆ ಕರಿಯಿರುವೆಗಳು ಹತ್ತಿದವು. ದೊರೆಸಾನಿ ಬಗ್ಗಿ ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು. ಬಾವಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು. ಅಷ್ಟು ಹೊತ್ತಿಗೆ ಅವಳ ಕನ್ನಡ ನಮ್ಮ ಕನ್ನಡವೇ ಆಗಿತ್ತು.

"ಯಾಕೇ ಹಿಂಗ್ಮಾಡ್ದೆ?"

ನಾನು ಕೊಡವನ್ನು ಬಾವಿಗೆ ಇಳಿಸಹೋದೆ. ಅವಳು ಹಗ್ಗ ಕಿತ್ತುಕೊಂಡಳು.

"ಮೊದಲ ಸಲಾನೂ ನೋಡಿದ್ದೆ ನಾನು. ಸುಮ್ಮನಿದ್ದೆ. ನನಗೆ ಆ ಕೋಣೆ ಬೇಕಿತ್ತು." ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ನಾನು ಹೇಳಿದ್ರೆ ಅದನ್ನೂ ಹೇಳಬೇಕು. ನಿಮ್ಮಜ್ಜಿ ನನ್ನ ಮುಖ ನೋಡಲ್ಲ. ನೀನೇ ಹೇಳು. ಇನ್ನೂ ಎರಡು ದಿನ ಇದೆ."

ಆ ಎರಡು ದಿನ ನಾನು ಹೇಳಲಿಲ್ಲ. ಹೊರಡುವ ಬೆಳಿಗ್ಗೆ ಜಟಕಾ ಏರುವಾಗಲೂ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸೈಕಲ್ಲನ್ನು ಅಕ್ಕನಿಗೆ ಬಿಟ್ಟು ಹೋದಳು. ಅಕ್ಕನ ಮದುವೆಯಾಯಿತು. ಮಾವ ಕೆಟ್ಟವರಲ್ಲ. ಆದರೆ ಸೈಕಲ್ ಏರುವ ಹೆಂಡತಿ ಅವರಿಗೆ ಬೇಕಿರಲಿಲ್ಲ. ಅದರ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಅವರೇ ಓಡಾಡಿದರು.

ಬಹಳ ವರ್ಷಗಳ ಮೇಲೆ, ನಮ್ಮ ಹೊಲವೆಲ್ಲ ಬ್ಲಾಕುಗಳಾಗಿ ಅಕ್ಕ ಬಸವೇಶ್ವರನಗರದಲ್ಲಿ ಮನೆ ಕಟ್ಟಿಕೊಂಡಿದ್ದಾಗ, ಅವಳ ಮಗಳು ಮೈಸೂರಿಗೆ ಹೋಗಿ ಹಾಸ್ಟೆಲಿನಲ್ಲಿದ್ದು ಓದುತ್ತೇನೆಂದು ಹಟ ಹಿಡಿದಳು. ಮಾವ ಎಂದಿನಂತೆ, ಅಮ್ಮನನ್ನು ಕೇಳೋಣ ಎಂದರು. ಅಮ್ಮ ಈಗ ಅಕ್ಕನ ಮನೆಯ ಗೂಡಿನಲ್ಲಿದ್ದಳು. ಅಕ್ಕ ನನಗೆ ಹೇಳಿ ಕಳಿಸಿದಳು. "ಹೂ ಇಡೋಕೆ ನೀನೇ ಬಾರೇ. ನಿನ್ನ ಕೈಲಿ ಇಟ್ರೆ ಅಮ್ಮ ಬೇಗ ಹೇಳ್ತಾಳೆ."

ಆ ಮಾತು ಕೇಳಿ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಬೆವತೆ. ಬರೀ ನೀರಲ್ಲೇ ಇಡುತ್ತೇನೆ, ಅಮ್ಮನೇ ನಿಜವಾಗಿ ಹೇಳಲಿ ಎಂದುಕೊಂಡೇ ಅವಳ ಅಡುಗೆಮನೆಗೆ ಹೋದೆ. ಆದರೆ ಹೂವಿನ ತಟ್ಟೆಯ ಪಕ್ಕದಲ್ಲಿ ಆ ಹುಡುಗಿ ನಿಂತಿದ್ದಳು, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು. ಬಳೆಗಳು ಮೊಣಕೈಗೆ ಏರಿದ್ದವು. ಅವಳನ್ನು ನೀರು ತರಲು ಹೊರಗೆ ಕಳಿಸಿ ಬೆಲ್ಲದ ಡಬ್ಬಿ ಹುಡುಕಿದೆ.

ಬಲಗಡೆಯ ಹೂ ಬಿತ್ತು. ಮಾವ ಕೈಮುಗಿದರು. ಹುಡುಗಿ ಚಿಕ್ಕವಳಂತೆ ಕುಣಿದು, ನನ್ನನ್ನು ತಬ್ಬಿ ಎತ್ತಿ ಸುತ್ತಿಸಿ ಮಂಚಕ್ಕೆ ಬೀಳಿಸಿದಳು.

ಎಲ್ಲರೂ ಊಟಕ್ಕೆ ಕೂತಾಗ ಅಕ್ಕ ದೇವರ ಗೂಡಿನ ಮುಂದೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ನನ್ನನ್ನು ಕರೆದಳು. ಅಮ್ಮನ ಎಡಗೈಯ ಮೇಲೆ ಇರುವೆಗಳು ಸಾಲುಹಿಡಿದಿದ್ದವು. ಅವುಗಳನ್ನು ನೋಯಿಸದಂತೆ ಮೆಲ್ಲಗೆ ಒರೆಸುತ್ತಾ, ನನ್ನ ಕಡೆ ತಿರುಗದೆ ಹೇಳಿದಳು, "ಈ ಸಲ ಬೆಲ್ಲ ಸರಿಯಾದ ಕಡೆ ಹಚ್ಚಿದೀಯ ಕಣೇ."

ಎಂದಿನಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇಂದಿಗೂ ಬಂದಿಲ್ಲ. ಅವಳು ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಉಳಿದ ಇರುವೆಗಳನ್ನು ನಾನು ಒರೆಸಿದೆ.