ದೇವರ ಗೂಡಿನಲ್ಲಿದ್ದ ನನ್ನ ಚೀಟಿ

ವೀರಭದ್ರಸ್ವಾಮಿಯನ್ನು ನಂಬಿ ಬದುಕುವ ಎಲ್ಲ ಬಂಧುಗಳಿಗೂ ಭದ್ರಾವತಿಯಿಂದ ರುದ್ರೇಶನ ಶರಣು. ಕಳೆದ ಕಾರ್ತಿಕದ ಒಂದು ಸೋಮವಾರ ನಾನು ಶಿವಮೊಗ್ಗದ ಆಸ್ಪತ್ರೆಯೊಂದರ ಮೂಲೆಯ ಮಂಚದಲ್ಲಿ ಹೆಸರಿಲ್ಲದವನಾಗಿ ಬಿದ್ದಿದ್ದೆ. ಕಿವಿ ಕೇಳುತ್ತಿತ್ತು, ಕಣ್ಣು ಕಾಣುತ್ತಿತ್ತು, ನಾಲಿಗೆ ಮಾತ್ರ ಹೊರಳುತ್ತಿರಲಿಲ್ಲ. ಸ್ವಾಮಿ ನನ್ನನ್ನು ಅಲ್ಲಿಂದ ಎಬ್ಬಿಸಿ ಮನೆಗೆ ಕಳಿಸಿದ. ಅದನ್ನು ಹೇಳಲೇಬೇಕೆಂದು ಬರೆಯುತ್ತಿದ್ದೇನೆ. ಆದರೆ ಅವತ್ತಿನ ಇನ್ನೊಂದು ಸಂಗತಿ ಈಗಲೂ ನನ್ನ ಬೆನ್ನು ಬಿಟ್ಟಿಲ್ಲ. ಅದನ್ನು ಬಿಟ್ಟು ಬರೀ ಸಂತೋಷವನ್ನು ಬರೆಯಲು ನನ್ನಿಂದಾಗದು.

ನಾನು ಶಿವಮೊಗ್ಗದಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹಿಡಿದು ಹೋಗುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹೃದಯದ ಕವಾಟ ಕೆಟ್ಟು, ಲೋಹದ ಕವಾಟ ಹಾಕಿದರು. ಅವತ್ತಿನಿಂದ ರಕ್ತ ತೆಳುವಾಗಿಡುವ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ. "ಎಲ್ಲಾದ್ರೂ ಬಿದ್ದು ತಲೆಗೆ ಪೆಟ್ಟಾದ್ರೆ ಮೊದಲು ಈ ಮಾತ್ರೆ ವಿಷಯ ಹೇಳ್ಬೇಕು. ಪ್ರಜ್ಞೆ ಇಲ್ದಿದ್ರೆ ಯಾರು ಹೇಳ್ತಾರೆ? ಒಂದು ಚೀಟಿ ಬರ್ದು ಜೇಬಲ್ಲಿ ಇಟ್ಕೊಳ್ಳಿ" ಎಂದು ಡಾಕ್ಟರು ಹೇಳಿದ್ದರು. ಹೆಸರು, ರಕ್ತದ ಗುಂಪು, ಕವಾಟದ ವಿಷಯ, ಮಾತ್ರೆಯ ಹೆಸರು, ಹೆಂಡತಿ ಗಿರಿಜಳ ನಂಬರು, ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡೆ.

ಪ್ಯಾಂಟು ಒಗೆಯಲು ತೆಗೆದಾಗ ಅದು ನನ್ನ ಅಮ್ಮನ ಕೈಗೆ ಸಿಕ್ಕಿತು.

"ಏನೋ ಇದು? ಅಪಘಾತ ಆದ್ರೆ, ಪ್ರಜ್ಞೆ ತಪ್ಪಿದ್ರೆ ಅಂತೆಲ್ಲ ಬರ್ಕೊಂಡಿದೀಯ? ಬಿಡ್ತು ಅನ್ನು!"

"ಅಮ್ಮಾ, ಡಾಕ್ಟ್ರು ಹೇಳಿದ್ದು ಅದು."

"ಅವರಿಗೇನು ಮಾರಾಯ, ಹೇಳ್ತಾರೆ. ಕೆಟ್ಟದ್ದನ್ನ ಜೇಬಲ್ಲಿ ಹೊತ್ಕೊಂಡು ತಿರುಗಿದ್ರೆ ಅದು ನಮ್ಮ ಹಿಂದೆನೇ ಬರುತ್ತೆ. ನಿನ್ನ ಕಾಯೋನು ಸ್ವಾಮಿ. ಚೀಟಿ ಅವನ ಹತ್ರ ಇರ್ಲಿ."

ಹೀಗೆಂದು ಅದಕ್ಕೆ ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿ ವೀರಭದ್ರನ ಪಟದ ಕೆಳಗೆ ಇಟ್ಟುಬಿಟ್ಟಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಇನ್ನೊಂದು ಬರೆದೆ, ಅದೂ ಅಲ್ಲಿಗೇ ಹೋಯಿತು. ಮತ್ತೊಂದು ಬರೆದೆ, ಅದೂ ಹೋಯಿತು. "ಬಿಡಿ, ಇಷ್ಟು ಹೊತ್ತಿಗೆ ಸ್ವಾಮಿಗೆ ನಿಮ್ಮ ಕಾಯಿಲೆ ಬಾಯಿಪಾಠ ಆಗಿರುತ್ತೆ" ಎಂದು ಗಿರಿಜ ನಕ್ಕಳು. ಅಮ್ಮನ ಹಟದ ಮುಂದೆ ನನ್ನ ಹಟ ಸೋತಿತು.

ಆ ಸೋಮವಾರ ಶಿವಮೊಗ್ಗದಲ್ಲಿ ಬಸ್ಸಿಳಿದು ರಸ್ತೆ ದಾಟುವಾಗ ಬೈಕೊಂದು ತಾಗಿತು. ಬಿದ್ದೆ. ರಸ್ತೆ ನಡುವಿನ ಕಟ್ಟೆಗೆ ತಲೆ ಬಡಿಯಿತು. ಎದ್ದು ಬಟ್ಟೆ ಕೊಡವಿಕೊಂಡು, ಸೇರಿದ ಜನಕ್ಕೆ "ಏನಿಲ್ಲ, ಏನಿಲ್ಲ" ಎಂದೆ. ಬೈಕಿನವನೂ ಹೋದ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಬಲಗಾಲು ಜೋಲಿ ಹೊಡೆಯತೊಡಗಿತು. ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದೆ. ನೀರು ಕೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಬರೀ ತೊದಲು.

"ಬೆಳಿಗ್ಗೆನೇ ಹಾಕ್ಕೊಂಡು ಬಂದಿದಾನೆ ನೋಡಿ" ಎಂದರು ಯಾರೋ. ಒಬ್ಬ ಆಟೋದವನಿಗೆ ಮಾತ್ರ ಕನಿಕರ ಹುಟ್ಟಿ, ಆಸ್ಪತ್ರೆಗೆ ತಂದು ಹಾಕಿದ.

ತಲೆಯಲ್ಲಿ ಸಣ್ಣ ಬುಗುಟು, ಬಾಯಲ್ಲಿ ತೊದಲು. ಅಲ್ಲಿಯವರೂ ಹಾಗೇ ತಿಳಿದರು. "ಅಮಲು ಇಳೀಲಿ, ಆಮೇಲೆ ನೋಡೋಣ" ಎಂದು ಡಾಕ್ಟರು ಬೇರೆ ಗಾಯಾಳುಗಳ ಕಡೆ ಹೋದರು. ನರ್ಸ್ ಬಗ್ಗಿ ಹೆಸರು ಕೇಳಿದರು. ನನ್ನ ಹೆಸರು ನನಗೆ ಗೊತ್ತಿತ್ತು, ಹೊರಗೆ ಬರಲಿಲ್ಲ. ಜೇಬು ಹುಡುಕಿದರು, ಪರ್ಸು ಇರಲಿಲ್ಲ. ಫೋನಿಗೆ ಬೀಗ ಹಾಕಿತ್ತು, ನನ್ನ ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಕೊನೆಗೆ ಅವರು ಮಂಚಕ್ಕೊಂದು ಚೀಟಿ ಅಂಟಿಸಿ, "ಅನ್‌ನೋನ್" ಎಂದು ಬರೆದುಕೊಂಡರು.

ಸ್ವಲ್ಪ ಹೊತ್ತಿಗೆ ಪಕ್ಕದ ಮಂಚಕ್ಕೆ ಇನ್ನೊಬ್ಬರನ್ನು ತಂದರು. ವಯಸ್ಸಾದವರು, ರಸ್ತೆಬದಿಯಲ್ಲಿ ಬಿದ್ದಿದ್ದರಂತೆ. ಅವರ ಜೇಬಿನಲ್ಲೂ ಏನೂ ಸಿಗಲಿಲ್ಲ. ಅವರೂ ಅನ್‌ನೋನ್. ಅವರ ಬೆರಳಿನಲ್ಲಿ ಉಂಗುರವಿತ್ತು. ಅದರಿಂದ ಮಂಚದ ಕಂಬಿಯನ್ನು ತಟ್ಟುತ್ತಿದ್ದರು. ಟಿಕ್, ಟಿಕ್. ನಿಲ್ಲಿಸುವುದು, ಮತ್ತೆ ತಟ್ಟುವುದು. ಯಾರಿಗೋ ಏನೋ ಹೇಳಬೇಕಾಗಿತ್ತು ಅವರಿಗೆ. ಅದು ನನಗೆ ಮಾತ್ರ ಅರ್ಥವಾಗುತ್ತಿತ್ತು, ಏಕೆಂದರೆ ನನಗೂ ಹೇಳಬೇಕಾಗಿತ್ತು.

ತಲೆ ಒಳಗಿನಿಂದ ಭಾರವಾಗುತ್ತ ಬಂತು. ರಕ್ತ ಸೋರುತ್ತಿದೆ ಎಂದು ನನಗೆ ತಿಳಿಯಿತು. ಆ ಮಾತ್ರೆ ನುಂಗಿದವನ ರಕ್ತ ತಾನಾಗಿ ನಿಲ್ಲುವುದಿಲ್ಲ. ಹುಡುಕಿಕೊಂಡು ಬರುವವರೂ ಇರಲಿಲ್ಲ. ಗಿರಿಜ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ, ಮಕ್ಕಳು ಉಂಡೇಳುವ ತನಕ ಫೋನು ಮುಟ್ಟುವುದಿಲ್ಲ. ಅಮ್ಮನಂತೂ ಹೊರಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ನಾನು ಮನೆಗೆ ಮರಳುವವರೆಗೆ ಎಂದೂ ಫೋನ್ ಮಾಡಿದವಳಲ್ಲ. ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ಸ್ವಾಮಿಯ ಮೇಲೆ ಅದಕ್ಕಿಂತ ಹೆಚ್ಚು ಬಂತು. ಬೇಡಿಕೊಳ್ಳಲಿಲ್ಲ, ಜಗಳವಾಡಿದೆ. "ನನ್ನ ಚೀಟಿ ನಿನ್ನ ಹತ್ತಿರ ಇದೆಯಲ್ಲ. ಓದಿ ಹೇಳು ಇವರಿಗೆ" ಎಂದೆ.

ಕಣ್ಣು ಮುಚ್ಚಿಹೋಗುತ್ತಿತ್ತು. ಆಗ ನರ್ಸ್ ನನ್ನ ಸಾಮಾನು ಹಾಕಿ ಮಂಚದ ಕಾಲಿಗೆ ತೂಗುಹಾಕಿದ್ದ ಚೀಲದೊಳಗೆ ನನ್ನ ಫೋನು ಬಡಿದುಕೊಂಡಿತು.

ನರ್ಸ್ ಓಡಿಬಂದು ಎತ್ತಿ, ಸ್ಪೀಕರ್ ಹಾಕಿದರು. ಅಮ್ಮನ ಧ್ವನಿ.

"ರುದ್ರ, ಎಲ್ಲಿದೀಯೋ?"

"ಅಜ್ಜಿ, ನಾನು ಆಸ್ಪತ್ರೆ ನರ್ಸು. ಈ ಫೋನಿನವರು ನಿಮ್ಮ ಮಗನಾ? ಗಾಬರಿ ಆಗ್ಬೇಡಿ, ಇಲ್ಲೇ ಇದಾರೆ. ಮಾತು ಬರ್ತಿಲ್ಲ. ಕುಡೀತಾರಾ ಅವ್ರು?"

"ನಮ್ಮನೇಲಿ ಯಾರೂ ಅದನ್ನ ಮುಟ್ಟಲ್ಲ ಕಣಮ್ಮ!"

"ಏನಾದ್ರೂ ಮಾತ್ರೆ ತಗೊಳ್ತಾರಾ?"

"ಇರಮ್ಮ, ಇರು. ಚೀಟಿ ನನ್ ಕೈಲೇ ಇದೆ."

ಅಮ್ಮ ಓದಿದಳು. ಶಾಲೆಯ ಮಗು ಓದುವಂತೆ ಒಂದೊಂದೇ ಅಕ್ಷರ ಕೂಡಿಸಿ, ನಡುನಡುವೆ ಬಿಕ್ಕಿ, ಮತ್ತೆ ಹಿಡಿದು ಓದಿದಳು. ಕವಾಟ ಎಂದಾಗ ನರ್ಸ್ ನನ್ನ ಅಂಗಿ ಸರಿಸಿ ಎದೆಯ ಹಳೆಯ ಹೊಲಿಗೆ ನೋಡಿದರು. ಮಾತ್ರೆಯ ಹೆಸರು ಮುಗಿಯುವ ಮೊದಲೇ "ಸಾರ್!" ಎಂದು ಕೂಗಿದರು.

ಆಮೇಲೆ ಎಲ್ಲರೂ ಓಡಾಡಿದರು. ನನ್ನ ಮಂಚವನ್ನು ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೊರಟರು. ಪಕ್ಕದ ಮಂಚ ದಾಟುವಾಗ ಆ ಹಿರಿಯರು ಕೈ ಚಾಚಿ ನನ್ನ ಹೊದಿಕೆಯ ಅಂಚು ಹಿಡಿದರು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಮಂಚ ಮುಂದೆ ಹೋಯಿತು, ಬೆರಳು ಜಾರಿತು.

ತಲೆಯೊಳಗೆ ರಕ್ತ ಸೋರುತ್ತಿರುವುದು ಸ್ಕ್ಯಾನಿನಲ್ಲಿ ಕಂಡಿತು. ಮಾತ್ರೆಯ ಗುಣ ಇಳಿಸುವ ಔಷಧಿ ಕೊಟ್ಟು, ರಕ್ತದ ಬಾಟಲಿ ಏರಿಸಿ ಸೋರುವುದನ್ನು ನಿಲ್ಲಿಸಿದರು. "ಇನ್ನೊಂದು ಸ್ವಲ್ಪ ತಡ ಆಗಿದ್ರೆ" ಎಂದ ಡಾಕ್ಟರು, ಅಷ್ಟರಲ್ಲಿ ಓಡಿಬಂದಿದ್ದ ಗಿರಿಜಳ ಮುಖ ನೋಡಿ ಮಾತು ಬದಲಿಸಿದರು.

ಅಮ್ಮ ಫೋನ್ ಮಾಡಿದ್ದು ಹೇಗೆ ಗೊತ್ತೇ? ಕಾರ್ತಿಕದ ದೀಪಕ್ಕೆ ಎಣ್ಣೆ ಹಾಕುವಾಗ ಕೈತಪ್ಪಿ ನನ್ನ ಚೀಟಿಯ ಮೇಲೆ ಚೆಲ್ಲಿತಂತೆ. ಎತ್ತಿ ಒರೆಸುವಾಗ ಎದೆ ಝಲ್ಲೆಂದಿತಂತೆ. "ಇನ್ನು ನನ್ನ ಹತ್ರ ಬೇಡ, ತಗೋ ಅಂತ ಸ್ವಾಮಿ ವಾಪಸ್ ಕೊಟ್ಟಂಗಾಯ್ತು ಕಣೋ" ಎಂದಳು. ತನ್ನ ಆಯುಷ್ಯದಲ್ಲಿ ಮೊದಲ ಸಲ ಹೊರಗೆ ಹೋದವನನ್ನು ಹಿಂದಿನಿಂದ ಕರೆದಿದ್ದಳು. ನನ್ನ ಪರ್ಸು ಇವತ್ತಿಗೂ ಸಿಕ್ಕಿಲ್ಲ. ಚೀಟಿ ಅದರೊಳಗಿದ್ದಿದ್ದರೆ ಅದರ ಜೊತೆಗೇ ಹೋಗಿರುತ್ತಿತ್ತು. ಇದನ್ನು ಕಾಕತಾಳೀಯ ಎನ್ನುವವರು ಎನ್ನಲಿ, ನಾನು ವಾದಕ್ಕೆ ಹೋಗುವುದಿಲ್ಲ. ನನಗೆ ಗೊತ್ತು.

ಹಾಗೆಂದು ಬಂಧುಗಳೇ, ಚೀಟಿಯನ್ನು ದೇವರ ಮುಂದಿಟ್ಟು ಸುಮ್ಮನಿರಬೇಡಿ. ಈಗ ಅಮ್ಮನೇ ದಿನಾ ಬೆಳಿಗ್ಗೆ ಅದನ್ನು ಸ್ವಾಮಿಗೆ ತೋರಿಸಿ, ಪ್ರಸಾದದಂತೆ ನನ್ನ ಅಂಗಿಯ ಜೇಬಿಗೆ ಹಾಕಿ ಕಳಿಸುತ್ತಾಳೆ. ಬೀಗ ತೆಗೆಯದೆಯೇ ಕಾಣುವಂತೆ ಫೋನಿನಲ್ಲೂ ಎಲ್ಲವನ್ನೂ ಹಾಕಿಸಿದ್ದೇನೆ. ನಿಮ್ಮ ಮನೆಯವರಿಗೂ ಮಾಡಿಸಿ, ಇವತ್ತೇ ಮಾಡಿಸಿ.

ಮಾತು ಮರಳಿದ ದಿನ ನಾನು ಮೊದಲು ಕೇಳಿದ್ದು ಪಕ್ಕದ ಮಂಚದವರ ಬಗ್ಗೆ. "ಅವತ್ತು ಸಂಜೆನೇ ತೀರ್ಕೊಂಡ್ರು. ಯಾರೂ ಬರ್ಲಿಲ್ಲ. ಪೊಲೀಸ್ನೋರು ಫೋಟೊ ತೆಕ್ಕೊಂಡು ಹೋದ್ರು" ಎಂದರು ನರ್ಸ್. ಅವರಿಗೂ ಕಣ್ಣು ತುಂಬಿತ್ತು. ಈಗ ಬಸ್ಸಿನ ಕಂಬಿಗೆ ಯಾರದ್ದಾದರೂ ಉಂಗುರ ತಾಗಿ ಟಿಕ್ ಎಂದರೆ ನಾನು ತಿರುಗಿ ಆ ಕೈಯನ್ನು ಹುಡುಕುತ್ತೇನೆ. ನನ್ನ ಫೋನು ಬಡಿದುಕೊಂಡಿತು, ಅವರಿಗಾಗಿ ಯಾಕೆ ಯಾವ ಫೋನೂ ಬಡಿದುಕೊಳ್ಳಲಿಲ್ಲ? ನಂಬಿಕೆ ಗಟ್ಟಿಯಾಗಿದೆ, ಪ್ರಶ್ನೆಯೂ ಹಾಗೇ ಇದೆ.

ಗುಣವಾದ ಮೇಲೆ ಗುಡಿಗೆ ಹೋದೆವು. ಅರ್ಚನೆಗೆ ಮನೆಯವರೆಲ್ಲರ ಹೆಸರು ಹೇಳಿಯಾಯಿತು. "ಇನ್ನೊಬ್ಬರದ್ದಿದೆ ಸ್ವಾಮಿ" ಎಂದೆ.

"ಹೆಸರು ಹೇಳಿ" ಎಂದರು ಅರ್ಚಕರು.

"ಗೊತ್ತಿಲ್ಲ."

"ನಕ್ಷತ್ರ?"

"ಅದೂ ಗೊತ್ತಿಲ್ಲ. ನನ್ನ ಪಕ್ಕದಲ್ಲಿ ಮಲಗಿದ್ರು."

ಅರ್ಚಕರು ಬಿಲ್ವಪತ್ರೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. ಮತ್ತೇನೂ ಕೇಳದೆ, ತುಟಿಯಲ್ಲೇ ಏನೋ ಹೇಳಿ ಪತ್ರೆ ಏರಿಸಿದರು. ನಾನು ಕಣ್ಣು ಮುಚ್ಚಿ ಕೈಮುಗಿದೆ. ಸ್ವಾಮಿ, ನನ್ನನ್ನು ಉಳಿಸಿದ್ದಕ್ಕೆ ಈ ಜೀವ ಇರುವ ತನಕ ನಿನ್ನ ಋಣಿ. ಎಲ್ಲೋ ಒಂದು ಮನೆಯಲ್ಲಿ ಆ ಹಿರಿಯರಿಗಾಗಿ ಇನ್ನೂ ಕಾಯುತ್ತಿರುತ್ತಾರೆ. ಕಾಯಬೇಡಿ ಎಂದು ಆ ಮನೆಯವರಿಗೆ ಯಾರು ಹೇಳಬೇಕು? ನೀನೇ ಹೇಳು.