ಅಂಗೈಗೆ ಸಾಸಿವೆ ಎಣ್ಣೆ

ಮೊನ್ನೆ ಕಡೂರಿನ ಅಂಗಡಿಯಲ್ಲಿ ಯಾರದೋ ಕೈಜಾರಿ ಸಾಸಿವೆ ಎಣ್ಣೆಯ ಬಾಟಲಿ ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಏಳೆಂಟು ವರ್ಷದ ಹಿಂದೆ ಅಜ್ಜಂಪುರದ ನಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಹೆಂಗಸು ಕಣ್ಣ ಮುಂದೆ ಬಂದು ನಿಂತಳು. ಏನು ಕೊಳ್ಳಲು ಬಂದಿದ್ದೆ ಅನ್ನುವುದೇ ಮರೆತುಹೋಯಿತು...

ಬಿಹಾರದ ಕಡೆಯವಳು. ಗಂಡನಿಗೆ ಶಿವನಿ ಸ್ಟೇಷನ್ನಿನ ಹತ್ತಿರ ರೈಲು ಹಳಿಯ ಕೆಲಸ. ಇವಳಿಗೆ ಕನ್ನಡದಲ್ಲಿ ನಾಲ್ಕು ಮಾತು ಬಂದರೆ ಹೆಚ್ಚು. ಒಂಬತ್ತನೇ ಕ್ಲಾಸಿನ ಮಗಳೇ ಅವಳ ಬಾಯಿ. ಅಂಗಡಿಗೆ, ಆಸ್ಪತ್ರೆಗೆ, ಸ್ಕೂಲಿನ ಮೀಟಿಂಗಿಗೆ, ಎಲ್ಲದಕ್ಕೂ ಹುಡುಗಿ ಜೊತೆಗಿರಬೇಕು. ಅವಳು ಮುನಿಸಿಕೊಂಡರೆ ತಾಯಿ ಮೂಗಿಯಾಗುತ್ತಿದ್ದಳು. ಹಾಗಾಗಿ ಬೈಯಲು ಹೆದರಿಕೆ. ಹುಡುಗಿಯೋ, ಮೊಬೈಲ್ ಹಿಡಿದು ಕೂತರೆ ಊಟವೂ ಬೇಡ. ದಿನಾ ತಲೆನೋವು, ಕೆಂಪಗಾದ ಕಣ್ಣು.

ತರೀಕೆರೆಯ ಕಣ್ಣಿನ ಡಾಕ್ಟರ ಹತ್ತಿರ ನಾನೂ ಜೊತೆಗೆ ಹೋಗಿದ್ದೆ. "ಮೊದ್ಲು ಮೊಬೈಲ್ ಬಿಡ್ಸಿ, ಇಲ್ಲಾಂದ್ರೆ ತಲೆನೋವು ಹೋಗಲ್ಲ" ಅಂದರು. ಮಗಳು ಅಮ್ಮನಿಗೆ ಹಿಂದಿಯಲ್ಲಿ, ಕಣ್ಣಿಗೆ ಡ್ರಾಪ್ಸ್ ಹಾಕಬೇಕಂತೆ ಅಂತಷ್ಟೇ ಹೇಳಿದಳು. ನನಗೆ ಅಷ್ಟು ಹಿಂದಿ ತಿಳಿಯುತ್ತದೆ. ಆದರೂ ಊರ ಉಸಾಬರಿ ನನಗ್ಯಾಕೆ ಅಂತ ಸುಮ್ಮನಾದೆ.

ಮಾರನೇ ದಿನದಿಂದ ಶುರುವಾಯಿತು ನೋಡಿ ಆ ವಾಸನೆ! ಮಗಳು ಸ್ಕೂಲಿಂದ ಬಂದ ಕೂಡಲೇ ತಾಯಿ ಅವಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ನೆತ್ತಿಗೆ, ಅಂಗಾಲಿಗೆ, ಕೊನೆಗೆ ಅಂಗೈಗೂ ಬೆರಳುಗಳಿಗೂ ಸಾಸಿವೆ ಎಣ್ಣೆ ತಿಕ್ಕುತ್ತಿದ್ದಳು. ಹರಳೆಣ್ಣೆ, ಕೊಬ್ಬರಿ ಎಣ್ಣೆಗೆ ಒಗ್ಗಿದ ಮೂಗು ನನ್ನದು. ನಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎಣಿಸುವ ಬುದ್ಧಿ ಬೇರೆ. ಒಂದು ವಾರ ಹಲ್ಲು ಕಚ್ಚಿಕೊಂಡಿದ್ದೆ, ಅಷ್ಟೇ.

"ಏನಮ್ಮಾ ದಿನಾ ಈ ನಾತ? ಮನೇಲಿರಕ್ಕಾಗಲ್ಲ ಕಣೇ, ನಿಲ್ಸು!" ಅಂದೆ.

ಅವಳು ಮಗಳ ಮುಖ ನೋಡಿದಳು. ಮಗಳು ಈ ಸಲ ಮಾತ್ರ ಚಾಚೂ ತಪ್ಪದೆ ಹಿಂದಿಯಲ್ಲಿ ಹೇಳಿದಳು. "ಆಯ್ತು ಅಕ್ಕ" ಅಂದು ತಾಯಿ ಬಾಟಲಿ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಎಂದೂ ಆ ವಾಸನೆ ಬರಲಿಲ್ಲ.

ಪರೀಕ್ಷೆಯ ಹೊತ್ತಿಗೆ ಹುಡುಗಿ ಸ್ಕೂಲಿನಲ್ಲಿ ತಲೆತಿರುಗಿ ಬಿದ್ದಳು. ಆಮೇಲೆ ಸ್ಕೂಲೇ ಬಿಟ್ಟಳು. ಅವರಪ್ಪನ ಕೆಲಸವೂ ಬೇರೆ ಕಡೆಗಾಯಿತು. ಮನೆ ಖಾಲಿ ಮಾಡುವ ದಿನ ಕೀಲಿ ಕೊಡಲು ಬಂದ ಹುಡುಗಿ ತಲೆ ತಗ್ಗಿಸಿ ನಿಂತಳು.

"ಆಂಟಿ, ಅಮ್ಮ ಎಣ್ಣೆ ಹಚ್ತಿದ್ದಿದ್ದು ತಲೆನೋವಿಗಲ್ಲ. ಕೈ ಜಿಡ್ಡಾದ್ರೆ ಮೊಬೈಲ್ ಮುಟ್ಟಕ್ಕಾಗಲ್ಲ ಅಂತ. ನೀವು ಬೇಡ ಅಂದಾಗ ನಂಗೆ ಖುಷಿ ಆಗಿತ್ತು."

ಡಾಕ್ಟರು ಅಂದ 'ಮೊಬೈಲ್' ಅನ್ನುವ ಮಾತನ್ನು ಆ ತಾಯಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ; ಹಿಂದಿಯಲ್ಲೂ ಅದು ಮೊಬೈಲೇ. ಮಗಳ ಸುಳ್ಳನ್ನು ನಂಬಿದ ಹಾಗೆ ಮಾಡಿ, ಜಗಳವಿಲ್ಲದೆ ಅವಳ ಕೈಯಿಂದ ಅದನ್ನು ಬಿಡಿಸಲು ಒಂದು ದಾರಿ ಹುಡುಕಿಕೊಂಡಿದ್ದಳು... ಬಾಯಿ ಬಿಡಬೇಕಾದ ಕಡೆ ಸುಮ್ಮನಿದ್ದ ನಾನು, ಸುಮ್ಮನಿರಬೇಕಾದ ಕಡೆ ಬಾಯಿ ಬಿಟ್ಟಿದ್ದೆ. ಕ್ಷಮಿಸು ಅನ್ನಲು ಹಿತ್ತಲಿಗೆ ಹೋಗುವಷ್ಟರಲ್ಲಿ ಅವಳು ಆಟೋದಲ್ಲಿ ಕೂತಾಗಿತ್ತು. ಈಗ ಎಲ್ಲಿದ್ದಾಳೋ, ಆ ಹುಡುಗಿಯ ಕಣ್ಣು ಹೇಗಿದೆಯೋ, ಕೇಳಲು ಗುರುತಿನವರೂ ಇಲ್ಲ.

ಮೊನ್ನೆ ಒಂದು ಬಾಟಲಿ ಸಾಸಿವೆ ಎಣ್ಣೆ ಕೊಂಡು ತಂದೆ. ನನ್ನ ಮೊಮ್ಮಗಳಿಗೂ ಈಗ ಹದಿಮೂರು. ಮೊಬೈಲ್ ಪಕ್ಕಕ್ಕಿಟ್ಟು ಅವಳ ಅಂಗೈ ಹಿಡಿದುಕೊಂಡೆ. "ಥೂ ಅಜ್ಜಿ, ಏನ್ ನಾತ ಇದು!" ಅಂತ ಮೂಗು ಮುಚ್ಚಿಕೊಂಡಳು.

"ಸ್ವಲ್ಪ ತಡ್ಕೊಳೇ" ಅಂದೆ. ಅವತ್ತು ನಾನೂ ತಡೆದುಕೊಳ್ಳಬಹುದಿತ್ತು.