ಹನುಮಯ್ಯನವರು ಬರೆದುಕೊಂಡ ಮಾತು

ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಗೋವಿಂದರಾಜನಗರದಲ್ಲಿ ಒಂದು ಚಪ್ಪಲಿ ಅಂಗಡಿಯ ಮಹಡಿ ಮೇಲಿತ್ತು. ಎರಡು ಸಾವಿರದ ಮೂರರ ಹೊತ್ತಿಗೆ ಎಲ್ಲರೂ ಕಂಪ್ಯೂಟರ್ ಕ್ಲಾಸಿಗೆ ಓಡುತ್ತಿದ್ದರು. ನನ್ನ ಹತ್ತಿರ ಉಳಿದವರು ಕೋರ್ಟ್ ಕೆಲಸದ ಪರೀಕ್ಷೆಗೆ ಕಟ್ಟಿದ ಹದಿನಾರು ಜನ. ಅಂಥ ಹೊತ್ತಲ್ಲಿ ಹನುಮಯ್ಯನವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, "ಶಾರ್ಟ್‌ಹ್ಯಾಂಡ್ ಹೇಳ್ಕೊಡ್ತೀನಮ್ಮ, ಮನೇಲಿ ಕೂತು ಕೂತು ಬೇಜಾರಾಗಿದೆ" ಅಂದರು.

"ಎಲ್ಲಿ ಕೆಲ್ಸದಲ್ಲಿದ್ರಿ?" ಅಂದೆ.

"ವಿದೇಶಾಂಗ ಇಲಾಖೇಲಿ ಸ್ಟೆನೋ. ಕೃಷ್ಣಪ್ಪ ಸಾಹೇಬ್ರು ಅಂತ ರಾಯಭಾರಿಗಳಿದ್ರಲ್ಲ, ಇಪ್ಪತ್ತೆರಡು ವರ್ಷ ಅವರ ಪಿ.ಎ." ಸಾಹೇಬರ ಹೆಸರು ಬಂದಾಗ ಎದೆ ತಾನಾಗಿ ಉಬ್ಬಿತು. ಆ ಎದೆ ಯಾಕಾದರೂ ಉಬ್ಬಿತೋ ಅಂತ ಈಗ ನನಗೆ ಉರಿಯುತ್ತದೆ.

ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವರು. ರಾಜಾಜಿನಗರಕ್ಕೆ ನಡೆದು ಬಂದು ಶಾರ್ಟ್‌ಹ್ಯಾಂಡ್ ಕಲಿತು, ದೆಹಲಿಗೆ ಹೋಗಿ ಕೆಲಸ ಹಿಡಿದರು. ಯಾವುದೋ ದೇಶಕ್ಕೆ ಸ್ವಾತಂತ್ರ್ಯ ಬರುತ್ತದೆ, ಬಂದ ಮರುವರ್ಷವೇ ಅಲ್ಲಿನವರು ತಮ್ಮತಮ್ಮಲ್ಲೇ ಬಂದೂಕು ಹಿಡಿಯುತ್ತಾರೆ. ಆಗ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಲು ಕೃಷ್ಣಪ್ಪನವರನ್ನು ಕಳಿಸುತ್ತಿದ್ದರು. ಸಾಹೇಬರ ಕುರ್ಚಿಯ ಹಿಂದೆ ಒಂದು ಸಣ್ಣ ಸ್ಟೂಲು, ಅದರ ಮೇಲೆ ಹನುಮಯ್ಯ. ಸಾಹೇಬರಿಗೆ ಕನ್ನಡದಲ್ಲಿ ಬೈಯಲು ಇನ್ನೊಬ್ಬರು ಅಲ್ಲಿರಲಿಲ್ಲವಾದ್ದರಿಂದ ಪ್ರೀತಿಯೂ ಜಾಸ್ತಿ ಅಂತ ನಗುತ್ತಿದ್ದರು.

ದೇಶಗಳ ಹೆಸರು ಮಾತ್ರ ಹೇಳುತ್ತಿರಲಿಲ್ಲ. "ಒಂದು ದ್ವೀಪ" ಅನ್ನುವುದು, ಬಾಯಿ ಮುಚ್ಚಿಕೊಳ್ಳುವುದು. "ಮೇಷ್ಟ್ರೇ, ನಾನೇನು ದಂಡೆತ್ತಿ ಹೋಗ್ತೀನಾ?" ಅಂತ ರೇಗಿಸಿದರೆ, "ಆಫೀಸಿನ ಗುಟ್ಟು ಕಣಮ್ಮ" ಅನ್ನುತ್ತಿದ್ದರು.

ಪಾಠ ಮಾತ್ರ ಖಡಕ್ಕು. "ಬರೆಯುವಾಗ ಅರ್ಥದ ಕಡೆ ಹೋಗ್ಬೇಡಿ. ಕಿವಿಗೆ ಬಿದ್ದದ್ದು ಕೈಗೆ ಇಳೀಬೇಕು, ನಡುವೆ ತಲೆ ಬರಬಾರದು. ಓದಿ ಹೇಳುವಾಗ ಅರ್ಥ ತಾನಾಗಿ ಗೊತ್ತಾಗತ್ತೆ" ಅಂತ ದಿನಾ ಹೇಳುತ್ತಿದ್ದರು.

ಎರಡು ಸಾವಿರದ ಆರರಲ್ಲಿ ಅವರಿಗೊಂದು ಕಾಗದ ಬಂತು. ಅದನ್ನು ನನ್ನ ಮೇಜಿನ ಮೇಲಿಟ್ಟು, ಎದುರಿಗೆ ಕೂತು, ಮೊದಲ ಸಲ ಗುಟ್ಟು ಬಿಟ್ಟುಕೊಟ್ಟರು.

ರಿಟೈರಾಗುವ ವರ್ಷ ಆ ದ್ವೀಪದಲ್ಲಿ ಮಾತುಕತೆ ನಡೆದಿತ್ತು. ಬೆಟ್ಟದಲ್ಲಿದ್ದ ಬಂದೂಕಿನವರ ಕಡೆಯಿಂದ ಡೊಮಿಂಗೊ ಅನ್ನುವವನು ಬಾಗಿಲ ಕಾವಲಿಗೆ ಬರುತ್ತಿದ್ದ. ಊಟದ ಬಿಡುವಿನಲ್ಲಿ ಅವನೂ ಇವರೂ ಒಂದೇ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದರು. ಕೊನೆಯ ದಿನ ಸಾಹೇಬರು, ಬಂದೂಕು ಇಟ್ಟು ಇಳಿದು ಬಂದವರ ಮೇಲೆ ಕೇಸು ಹಾಕುವುದಿಲ್ಲ, ಅದಕ್ಕೆ ತಾವು ಹೊಣೆ ಅಂದರು. ಸರ್ಕಾರದವರು ತಲೆಯಾಡಿಸಿದರು. ಹನುಮಯ್ಯ ಬರೆದುಕೊಂಡರು. ಆಚೆ ಬಂದಾಗ ಡೊಮಿಂಗೊ, ಅದು ನಿಜವಾಗಿಯೂ ದಾಖಲಾಗಿದೆಯಾ ಅಂತ ಕೇಳಿದ. ಜೀವಮಾನದಲ್ಲಿ ಯಾರಿಗೂ ಒಂದಕ್ಷರ ಬಾಯಿಬಿಡದ ಈ ಮನುಷ್ಯ, "ಆಗಿದೆ. ನನ್ನ ಕೈಯಾರೆ ಬರೆದಿದ್ದೀನಿ" ಅಂದುಬಿಟ್ಟರು. ಶಾರ್ಟ್‌ಹ್ಯಾಂಡಿನಲ್ಲಿ ಇದ್ದದ್ದು ಟೈಪಿನಲ್ಲಿ ಇದ್ದೇ ಇರುತ್ತದೆ ಅನ್ನುವುದು ಸ್ಟೆನೋಗಳ ನಂಬಿಕೆ.

ಸಂಜೆ ಟೈಪ್ ಮಾಡಿಕೊಟ್ಟ ವರದಿಯಲ್ಲಿ ಆ ಒಂದು ವಾಕ್ಯಕ್ಕೆ ಸಾಹೇಬರು ಕೆಂಪು ಗೀಟೆಳೆದರು. ಸರ್ಕಾರದವರಿಗೆ ಮುಜುಗರ ಆಗುತ್ತದಂತೆ, ಬಾಯಿಮಾತೇ ಸಾಕಂತೆ. ಸಾಹೇಬರು ಹೇಳಿದ ಮೇಲೆ ಮುಗಿಯಿತು ಅಂತ ಇವರು ಇನ್ನೊಂದು ಸಲ ಟೈಪ್ ಮಾಡಿ, ನೋಟ್‌ಬುಕ್ಕನ್ನೂ ಅವರ ಕೈಗೇ ಕೊಟ್ಟರು. ಅಷ್ಟರಲ್ಲಿ ಡೊಮಿಂಗೊ ಬೆಟ್ಟ ಹತ್ತಿಯಾಗಿತ್ತು. ವಾರದೊಳಗೆ ಹನ್ನೊಂದು ಜನರನ್ನು ಕರೆದುಕೊಂಡು ಇಳಿದು ಬಂದ. ಮಳೆಗಾಲ ಮುಗಿಯುವ ಮೊದಲೇ ಎಲ್ಲರೂ ಜೈಲಿನಲ್ಲಿದ್ದರು.

ಕಾಗದ ಅವನ ಮಗಳು ಲೂಸಿಯಾಳದು. ಉಳಿದವರೆಲ್ಲ ಬಿಡುಗಡೆಯಾಗಿದ್ದಾರೆ, ಮುಂದಾಳು ಅಂತ ಅಪ್ಪನಿಗೆ ಮಾತ್ರ ಇಪ್ಪತ್ತು ವರ್ಷ, ಅಪೀಲು ನಡೆಯುತ್ತಿದೆ, ಮಾತು ಕೊಟ್ಟದ್ದು ಹೌದು ಅಂತ ರಾಯಭಾರಿಗಳು ಬರೆದುಕೊಟ್ಟರೆ ಬಿಡುತ್ತಾರೆ ಅಂತ ವಕೀಲರು ಹೇಳಿದ್ದಾರೆ. ಇಷ್ಟೇ ಇದ್ದದ್ದು.

"ಸಾಹೇಬ್ರು ಬಸವೇಶ್ವರನಗರದಲ್ಲೇ ಇದಾರೆ. ನನ್ ಮಾತು ತೆಗೆದುಹಾಕಲ್ಲ" ಅಂದರು. ನನ್ನ ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋದೆ.

ಕೃಷ್ಣಪ್ಪನವರು ಬಹಳ ಮರ್ಯಾದಸ್ಥರು. ಕಾಫಿ ಕೊಡಿಸಿದರು, ಮೊಮ್ಮಕ್ಕಳನ್ನು ವಿಚಾರಿಸಿದರು, ಕಾಗದವನ್ನು ಎರಡು ಸಲ ಓದಿದರು. "ಪಾಪ, ಖಂಡಿತ ಬರೀತೀನಿ. ಪುಸ್ತಕ ತಂದಿದೀಯೇನೋ?" ಅಂದರು. ತರದೆ ಇರುತ್ತಾರೆಯೇ? ಪೆನ್ಸಿಲು ಕೂಡ ಚೂಪು ಮಾಡಿಕೊಂಡೇ ಬಂದಿದ್ದರು. ಸೋಫಾದ ಅಂಚಿನಲ್ಲಿ, ಆ ಸ್ಟೂಲಿನ ಮೇಲೆ ಕೂತ ಹಾಗೇ ಕೂತರು.

ಸಾಹೇಬರು ಇಂಗ್ಲಿಷಿನಲ್ಲಿ, ನಿಧಾನವಾಗಿ, ಕಿಟಕಿಯಾಚೆ ನೋಡುತ್ತಾ ಹೇಳಿದರು. ಮೂರನೇ ವಾಕ್ಯಕ್ಕೇ ಅದು ಎತ್ತ ಹೋಗುತ್ತಿದೆ ಅಂತ ನನಗೆ ಗೊತ್ತಾಯಿತು. ಹನುಮಯ್ಯನವರ ಮುಖ ಮಾತ್ರ ಹಾಗೇ ಇತ್ತು, ಪೆನ್ಸಿಲು ಒಂದು ಕಡೆಯೂ ತಡೆಯಲಿಲ್ಲ. ಆ ಪೆನ್ಸಿಲನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಕಿತ್ತುಕೊಳ್ಳಲಿಲ್ಲ. ನಾನೂ ಸೇರಿ ಎಲ್ಲರೂ ದೊಡ್ಡವರ ಮನೆಯ ಸೋಫಾದ ಮೇಲೆ ಹೇಡಿಗಳೇ.

"ಓದು" ಅಂದರು ಸಾಹೇಬರು.

ಹನುಮಯ್ಯನವರು ಗಟ್ಟಿಯಾಗಿ ಓದಿದರು. "ನಾನು ಮಧ್ಯಸ್ಥಿಕೆ ವಹಿಸಿದ್ದ ಸಭೆಯಲ್ಲಿ ಅಂಥ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ನನ್ನ ಸ್ಟೆನೋಗ್ರಾಫರ್ ಕಾವಲಿನವನ ಜೊತೆ ಸಲಿಗೆ ಬೆಳೆಸಿ, ತನ್ನ ಅಧಿಕಾರ ಮೀರಿ, ಅವನನ್ನು ತಪ್ಪು ದಾರಿಗೆ ಎಳೆದಿರಬಹುದು. ಆ ಸ್ಟೆನೋಗ್ರಾಫರನ ಹೆಸರು..." ಅಲ್ಲಿಗೆ ದನಿ ನಿಂತಿತು.

"ಸಾರ್, ಇದು ನನ್ ಹೆಸರು" ಅಂದರು.

"ನಿಂಗೇನೋ ಆಗತ್ತೆ ಹನುಮಯ್ಯ? ಪೆನ್ಷನ್ ನಿಲ್ಸಲ್ಲ, ಏನಿಲ್ಲ. ನನ್ನ ಹೆಸರು ಇನ್ನೊಂದು ಶಾಂತಿ ಸಮಿತಿಗೆ ಹೋಗಿದೆ, ಅರ್ಥ ಮಾಡ್ಕೋ."

"ಆ ನೋಟ್‌ಬುಕ್ಕು, ಸಾರ್?"

"ಸುಡಿಸ್ದೆ. ರೂಲ್ಸು ನಿನಗೇ ಗೊತ್ತಲ್ಲ."

ಹನುಮಯ್ಯನವರು ಆ ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದರು. ಕಾಫಿ ಲೋಟ ಹಾಗೇ ಇತ್ತು. ಗೇಟಿನ ಹತ್ತಿರ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವರು, "ಬೇಡಮ್ಮ, ಹೆಂಗಸರ ಬಾಯಲ್ಲಿ ಅಂಥ ಮಾತು" ಅಂದರು. ಆಗಲೂ ಆ ಮನುಷ್ಯನ ಮರ್ಯಾದೆ ಕಾಯುತ್ತಿದ್ದಾರಲ್ಲ ಅಂತ ಇವರ ಮೇಲೂ ಸಿಟ್ಟು ಬಂತು.

ಮಾರನೆಯ ದಿನ ನನ್ನ ಹಳೆಯ ಮಿಷನ್ನಿನ ಮೇಲೆ ತಮ್ಮದೇ ಹೇಳಿಕೆಯನ್ನು ಟೈಪ್ ಮಾಡಿದರು. ಸಾಹೇಬರು ಏನು ಹೇಳಿದರು, ಯಾವ ವಾಕ್ಯಕ್ಕೆ ಕೆಂಪು ಗೀಟು ಬಿತ್ತು, ಎಲ್ಲವನ್ನೂ. ನೋಟರಿ ಸೀಲು ಹಾಕಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ನಲವತ್ತು ವರ್ಷದಲ್ಲಿ ತಮ್ಮ ಸ್ವಂತ ಮಾತು ಟೈಪ್ ಮಾಡಿದ್ದು ಅದೇ ಮೊದಲು ಅಂದರು. ಆಮೇಲೆ ಮೂರು ತಿಂಗಳು, ಪಾಠದ ನಡುವೆ ಮೆಟ್ಟಿಲ ಸದ್ದಾದರೆ ಸಾಕು, ಪೋಸ್ಟ್‌ಮ್ಯಾನ್ ಅಂತ ಎದ್ದು ಹೋಗುತ್ತಿದ್ದರು.

ಉತ್ತರ ಬಂದ ದಿನ ಕನ್ನಡಕ ಮರೆತು ಬಂದಿದ್ದರು. ನಾನೇ ಓದಿ ಹೇಳಬೇಕಾಯಿತು. ರಾಯಭಾರಿಗಳು ತಾವೇ ನೇರವಾಗಿ ಕಳಿಸಿದ್ದ ಪತ್ರ ಸರ್ಕಾರದ ವಕೀಲರ ಕೈಗೆ ಮೊದಲೇ ಬಂದಿತ್ತು, ಕೋರ್ಟು ಅದನ್ನೇ ಒಪ್ಪಿಕೊಂಡಿತು, ತಪ್ಪು ಮಾಡಿದ ಸ್ಟೆನೋನ ಮಾತಿಗೆ ಬೆಲೆಯಿಲ್ಲ ಅಂದಿತು, ಅಪೀಲು ವಜಾ ಆಯಿತು ಅಂತ ಲೂಸಿಯಾ ಬರೆದಿದ್ದಳು. ಕೊನೆಯ ಎರಡು ಸಾಲನ್ನು ನುಂಗಿಕೊಳ್ಳಲು ನೋಡಿದೆ. ನಲವತ್ತು ವರ್ಷ ಬೇರೆಯವರ ದನಿ ಕೇಳಿದ ಕಿವಿ ಅದು.

"ಇನ್ನೂ ಇದೆ, ಓದಮ್ಮ" ಅಂದರು.

ಓದಿದೆ. "ಇನ್ನು ನಿಮಗೆ ಬರೆಯಬೇಡ ಅಂದಿದ್ದಾನೆ ಅಪ್ಪ. ರಾಯಭಾರಿಯನ್ನು ಅವನು ಒಂದು ದಿನವೂ ನಂಬಿರಲಿಲ್ಲವಂತೆ. ಬೆಟ್ಟ ಇಳಿದದ್ದು ನಿಮ್ಮನ್ನು ನಂಬಿ."